ಅವಳ ಮಾತಿಗೆ ಯಾರ ಸಹಿ ಬೇಕಿತ್ತು?

ಹೋದ ಸಲ ಸಭೆ ಮುಗಿದ ಮೇಲೆ ಹಾಸ್ಟೆಲಿನ ಹುಡುಗನೊಬ್ಬ ನಮ್ಮ ಹತ್ತಿರ ಬಂದ. ಬಿ.ಎ. ಓದುತ್ತಿರುವವನು, ಚರಿತ್ರೆ ಅವನ ವಿಷಯ. ಅಮೆರಿಕದ ಗುಲಾಮಗಿರಿ ಬಗ್ಗೆ ಪ್ರಬಂಧ ಬರೀಬೇಕಿತ್ತಂತೆ. ಗುಲಾಮಳಾಗಿ ಹುಟ್ಟಿದ ಹೆಂಗಸೊಬ್ಬಳು ತಾನೇ ಬರೆದ ಆತ್ಮಕಥೆ ಓದಿ, ಅದನ್ನೇ ಆಧಾರ ಮಾಡಿಕೊಂಡು ಬರೆದನಂತೆ. ಪಾಠ ಹೇಳುವವರು ಹಾಳೆಗಳನ್ನು ಪಕ್ಕಕ್ಕೆ ಸರಿಸಿ, "ಇದು ಗೋಳಿನ ಕಥೆ ಕಣಯ್ಯಾ, ಚರಿತ್ರೆ ಅಲ್ಲ. ದಾಖಲೆ ಎಲ್ಲಿ? ದಾಖಲೆ ತಗೊಂಡು ಬಾ" ಅಂದರಂತೆ.

ಹುಡುಗ ನಮ್ಮನ್ನು ಕೇಳಿದ: "ಅಣ್ಣಾ, ಅನುಭವಿಸಿದವಳು ತಾನೇ ಹೇಳಿದರೆ ಅದು ದಾಖಲೆ ಅಲ್ವಾ? ಹಾಗಾದ್ರೆ ದಾಖಲೆ ಅಂದ್ರೆ ಯಾರು ಬರೆದದ್ದು?"

ಈ ಪ್ರಶ್ನೆಗೆ ಸಿಟ್ಟಿನಲ್ಲಿ ಉತ್ತರ ಕೊಡುವುದು ಸುಲಭ. ಆ ಮೇಷ್ಟರ ಜಾತಿ ಯಾವುದು ಅಂತ ಕೇಳಿ, ನಾಲ್ಕು ಘೋಷಣೆ ಕೂಗಿ ಎದ್ದು ಹೋಗಬಹುದು. ಆದರೆ ಘೋಷಣೆಯಿಂದ ಆ ಹುಡುಗನ ಪ್ರಬಂಧ ಪಾಸಾಗುವುದಿಲ್ಲ, ಅವನ ತಲೆಯೊಳಗಿನ ಪ್ರಶ್ನೆಯೂ ಹೋಗುವುದಿಲ್ಲ. 'ದಾಖಲೆ ಎಲ್ಲಿ' ಅನ್ನುವುದು ತಪ್ಪು ಪ್ರಶ್ನೆಯೇನಲ್ಲ. ಅದನ್ನು ಒಬ್ಬರಿಗೆ ಮಾತ್ರ ಕೇಳಿ ಇನ್ನೊಬ್ಬರಿಗೆ ಕೇಳದೆ ಬಿಡುವುದು ತಪ್ಪು. ಹಾಗಾಗಿ ಈ ಸಂಚಿಕೆಯ ಸಂಪಾದಕೀಯವನ್ನು ಆ ಹುಡುಗನಿಗೇ ಬರೆಯುತ್ತಿದ್ದೇವೆ. ಅವನು ಓದಿದ ಪುಸ್ತಕವನ್ನೇ ಮುಂದಿಟ್ಟುಕೊಂಡು ಮಾತಾಡೋಣ.

ಅವಳ ಹೆಸರು ಹ್ಯಾರಿಯೆಟ್ ಜೇಕಬ್ಸ್. 1813ರಲ್ಲಿ ಅಮೆರಿಕದ ಉತ್ತರ ಕೆರೊಲಿನಾದ ಈಡೆಂಟನ್ ಎಂಬ ಸಣ್ಣ ಬಂದರಿನ ಊರಿನಲ್ಲಿ ಹುಟ್ಟಿದಳು. ತಾಯಿ ಗುಲಾಮಳು, ಹಾಗಾಗಿ ಮಗಳೂ ಗುಲಾಮಳು. ಮಗು ತಾಯಿಯ ಸ್ಥಿತಿಯನ್ನೇ ಪಡೆಯುತ್ತದೆ ಅಂತ ವರ್ಜೀನಿಯಾದವರು 1662ರಲ್ಲೇ ಕಾನೂನು ಮಾಡಿದ್ದರು. ಈ ಕಾನೂನಿನ ಹಿಕಮತ್ತು ನೋಡಿ. ಒಡೆಯ ತನ್ನ ಗುಲಾಮ ಹೆಂಗಸಿನ ಮೇಲೆ ಕೈ ಹಾಕಿದರೆ ಹುಟ್ಟುವ ಮಗುವೂ ಅವನ ಆಸ್ತಿಗೆ ಜಮಾ. ಪಾಪವೂ ಅವನದೇ, ಲಾಭವೂ ಅವನದೇ.

ಹ್ಯಾರಿಯೆಟ್‌ಳ ಮೊದಲ ಯಜಮಾನಿ ಅವಳಿಗೆ ಓದು ಕಲಿಸಿದಳು, ಹೊಲಿಗೆ ಕಲಿಸಿದಳು. ಆ ಯಜಮಾನಿ 1825ರಲ್ಲಿ ಸತ್ತಳು. ಬಿಡುಗಡೆ ಬರೆದಿಟ್ಟು ಸತ್ತಿರಬಹುದು ಅಂತ ಹುಡುಗಿಗೆ ಆಸೆ ಇತ್ತು. ಉಯಿಲು ತೆಗೆದಾಗ ಗೊತ್ತಾಯಿತು, ಅವಳನ್ನು ಯಜಮಾನಿಯ ಸೋದರಿಯ ಮಗಳಿಗೆ, ಮೂರು ವರ್ಷದ ಕೂಸಿಗೆ ಕೊಟ್ಟಾಗಿದೆ. ಆ ಕೂಸಿನ ಅಪ್ಪ ಡಾಕ್ಟರ್ ಜೇಮ್ಸ್ ನಾರ್ಕಮ್, ಊರಿನ ದೊಡ್ಡ ಮನುಷ್ಯ. ಹುಡುಗಿಗೆ ಹದಿನೈದು ತುಂಬುತ್ತಿದ್ದ ಹಾಗೆ ಅವನು ಬೆನ್ನು ಹತ್ತಿದ. ಕಿವಿಯಲ್ಲಿ ಹೊಲಸು ಮಾತು, ಚೀಟಿ, ಬೆದರಿಕೆ. ಅವನ ಹೆಂಡತಿಯ ಸಿಟ್ಟು ಗಂಡನ ಮೇಲಲ್ಲ, ಈ ಹುಡುಗಿಯ ಮೇಲೆ. ಅವನಿಂದ ತಪ್ಪಿಸಿಕೊಳ್ಳಲು ಅವಳು ಊರಿನ ಇನ್ನೊಬ್ಬ ಬಿಳಿಯ ವಕೀಲನ ಸಹವಾಸ ಒಪ್ಪಿದಳು. ಎರಡು ಮಕ್ಕಳಾದವು. ಇದನ್ನು ಅವಳು ತನ್ನ ಪುಸ್ತಕದಲ್ಲಿ ಮುಚ್ಚಿಡಲಿಲ್ಲ. ಸ್ವಂತ ಮೈ ಮೇಲೇ ಹಕ್ಕಿಲ್ಲದ ಹೆಂಗಸನ್ನು ಹಕ್ಕಿರುವ ಹೆಂಗಸರ ತಕ್ಕಡಿಯಲ್ಲಿ ತೂಗಬೇಡಿ ಎಂದು ಕೇಳಿಕೊಂಡಳು.

1835ರಲ್ಲಿ ನಾರ್ಕಮ್ ಅವಳನ್ನು ತೋಟದ ದುಡಿಮೆಗೆ ಅಟ್ಟಿ, ಮಕ್ಕಳನ್ನೂ ಅಲ್ಲಿಗೇ ತರಿಸಲು ಹೊರಟ. ಅವಳು ಓಡಿಹೋದಳು. ಎಲ್ಲಿಗೆ? ದೂರ ಎಲ್ಲಿಗೂ ಅಲ್ಲ, ಅದೇ ಊರಿನಲ್ಲಿದ್ದ ಅಜ್ಜಿಯ ಮನೆಯ ಅಟ್ಟಕ್ಕೆ. ಅಜ್ಜಿ ಆಗಲೇ ಬಿಡುಗಡೆ ಹೊಂದಿ ಸ್ವಂತ ಮನೆ ಮಾಡಿಕೊಂಡಿದ್ದವಳು. ಉಗ್ರಾಣದ ಮೇಲಿನ ಆ ಅಟ್ಟ ಒಂಬತ್ತು ಅಡಿ ಉದ್ದ, ಏಳು ಅಡಿ ಅಗಲ, ಎತ್ತರ ಇರುವ ಕಡೆ ಮೂರು ಅಡಿ. ಎದ್ದು ನಿಲ್ಲುವ ಹಾಗಿಲ್ಲ. ಇಲಿ ಹೆಗ್ಗಣಗಳ ಜೊತೆ, ಬೇಸಿಗೆಯ ಧಗೆ, ಚಳಿಗಾಲದ ಕೊರೆತ ಎಲ್ಲ ತಿಂದುಕೊಂಡು ಏಳು ವರ್ಷಕ್ಕೆ ಒಂದಿಷ್ಟೇ ಕಡಿಮೆ ಕಾಲ ಅಲ್ಲಿ ಮಲಗಿದ್ದಳು. ಬೈರಿಗೆಯಲ್ಲಿ ಕೊರೆದ ತೂತಿನಿಂದ ಕೆಳಗೆ ಆಡುವ ತನ್ನ ಮಕ್ಕಳನ್ನು ನೋಡುತ್ತಿದ್ದಳು, ಕೂಗಿ ಕರೆಯುವ ಹಾಗಿರಲಿಲ್ಲ. 1842ರಲ್ಲಿ ಹಡಗು ಹತ್ತಿ ಉತ್ತರಕ್ಕೆ ಪಾರಾದಳು. 1850ರ ಕಾನೂನು ಓಡಿಬಂದ ಗುಲಾಮರನ್ನು ಉತ್ತರದಲ್ಲೂ ಹಿಡಿದುಕೊಡಬೇಕು ಎಂದಿತು. 1852ರಲ್ಲಿ ಅವಳು ಕೆಲಸಕ್ಕಿದ್ದ ಮನೆಯ ಯಜಮಾನಿ 300 ಡಾಲರ್ ಕೊಟ್ಟು ಬಿಡುಗಡೆ ಕೊಂಡಳು. ತಾನು ಯಾರ ಸರಕೂ ಅಲ್ಲ, ತನ್ನನ್ನು ಕೊಳ್ಳುವುದು ಬೇಡ ಎಂದು ಹ್ಯಾರಿಯೆಟ್ ಮೊದಲೇ ಹೇಳಿದ್ದಳು. ಹಾಗಿದ್ದೂ ಅವಳ ಹೆಸರಿನಲ್ಲಿ ಮಾರಾಟದ ಚೀಟಿ ಬರೆಯಲಾಯಿತು.

ಆಮೇಲೆ ಬರೆಯಲು ಕೂತಳು. ಹಗಲೆಲ್ಲ ಕೆಲಸದ ಮನೆಯ ಮಕ್ಕಳನ್ನು ನೋಡಿಕೊಂಡು, ರಾತ್ರಿ ಕದ್ದು ಬರೆದಳು. ವರ್ಷಗಳೇ ಹಿಡಿದವು. ಆ ಕಾಲಕ್ಕೆ ಗುಲಾಮಗಿರಿ ವಿರೋಧಿ ಕಾದಂಬರಿ ಬರೆದು ಹೆಸರಾಗಿದ್ದ ಹ್ಯಾರಿಯೆಟ್ ಬೀಚರ್ ಸ್ಟೋವ್ ಅವರಿಗೆ ಒಂದು ಮಾತು ಹೋಯಿತು, ಈ ಕಥೆಗೆ ಸಹಾಯ ಮಾಡುತ್ತೀರಾ ಅಂತ. ಆ ಮಹಾತಾಯಿ ಏನು ಮಾಡಿದರು ಗೊತ್ತಾ? ಇದು ನಿಜವೇ ಅಂತ ಕೇಳಿ ಕೆಲಸದ ಮನೆಯ ಯಜಮಾನಿಗೆ ಕಾಗದ ಹಾಕಿದರು! ನಿಜವಾದರೆ ತಮ್ಮ ಪುಸ್ತಕದಲ್ಲೇ ಸೇರಿಸಿಕೊಳ್ಳುತ್ತೇವೆ ಅಂದರು. ಮಕ್ಕಳ ತಂದೆಯ ವಿಷಯ ಯಜಮಾನಿಗೆ ಹ್ಯಾರಿಯೆಟ್ ಹೇಳಿಯೇ ಇರಲಿಲ್ಲ. ತನ್ನ ಗುಟ್ಟು ತನ್ನನ್ನು ಕೇಳದೆ ಇನ್ನೊಬ್ಬರ ಮನೆ ಬಾಗಿಲಿಗೆ ಹೋಯಿತಲ್ಲ ಅಂತ ಅವಳಿಗೆ ಸಂಕಟವಾಯಿತು. ತನ್ನ ಕಥೆ ತಾನೇ ಬರೆಯುತ್ತೇನೆ ಅಂತ ಗಟ್ಟಿ ಮಾಡಿಕೊಂಡಳು.

1861ರಲ್ಲಿ ಪುಸ್ತಕ ಬಾಸ್ಟನ್‌ನಲ್ಲಿ ಅಚ್ಚಾಯಿತು. ಹೊಣೆ ಹೊತ್ತಿದ್ದ ಪ್ರಕಾಶಕರು ದಿವಾಳಿಯಾಗಿದ್ದರು, ಅವಳೇ ಹೊರತಂದಳು. ಅವಳ ಹೆಸರು ಮುಖಪುಟದಲ್ಲಿ ಇರಲಿಲ್ಲ. ಒಳಗೆ ತನ್ನನ್ನು ಲಿಂಡಾ ಬ್ರೆಂಟ್ ಅಂತ ಕರೆದುಕೊಂಡಿದ್ದಳು, ನಾರ್ಕಮ್‌ನನ್ನು ಡಾಕ್ಟರ್ ಫ್ಲಿಂಟ್ ಮಾಡಿದ್ದಳು. ಆಶ್ರಯ ಕೊಟ್ಟವರಿಗೆ ತೊಂದರೆಯಾಗಬಾರದು ಅಂತ ಊರಿನ ಹೆಸರೂ ಬಿಟ್ಟಿದ್ದಳು. ಮುಂದೆ ಬಿಳಿಯ ಸಂಪಾದಕಿ ಲಿಡಿಯಾ ಮರಿಯಾ ಚೈಲ್ಡ್ ಅವರ ಮುನ್ನುಡಿ: ನಾನು ತಿದ್ದಿದ್ದು ಅಲ್ಪಸ್ವಲ್ಪ, ಮಾತೂ ವಿಚಾರವೂ ಅವಳದೇ. ಹಿಂದೆ ಎರಡು ಪತ್ರ: ಒಂದು ಬಿಳಿಯ ಗೆಳತಿ ಏಮಿ ಪೋಸ್ಟ್ ಅವರದು, ಇನ್ನೊಂದು ಅದೇ ಸೀಮೆಯಿಂದ ಬಂದ ಕಪ್ಪು ಮನುಷ್ಯ ಜಾರ್ಜ್ ಲೋಥರ್ ಅವರದು. ಒಬ್ಬ ಹೆಂಗಸು ತನ್ನ ಬಾಳನ್ನು ತಾನು ಹೇಳಲು ಮೂವರ ಜಾಮೀನು. ಒಡೆಯ ತನ್ನ ಲೆಕ್ಕದ ಪುಸ್ತಕ ಬರೆಯುವಾಗ ಯಾರ ಜಾಮೀನು ತಂದಿದ್ದ?

ಇಷ್ಟು ಜಾಮೀನು ಕೊಟ್ಟರೂ ಅವಳು ಕಟಕಟೆಗೆ ಏರಲಿಲ್ಲ.

ಆ ಕಾಲದ ದಕ್ಷಿಣದ ಕೋರ್ಟುಗಳಲ್ಲಿ ಬಿಳಿಯನ ವಿರುದ್ಧ ಗುಲಾಮ ಸಾಕ್ಷಿ ಹೇಳುವ ಹಾಗಿರಲಿಲ್ಲ. 1830ರಲ್ಲಿ ಉತ್ತರ ಕೆರೊಲಿನಾದಲ್ಲಿ ಗುಲಾಮರಿಗೆ ಓದುಬರಹ ಕಲಿಸುವುದನ್ನೇ ಕಾನೂನು ನಿಷೇಧಿಸಿತು. ಅಂದರೆ ಬಾಯಿ ಮಾತು ಕೋರ್ಟಿನಲ್ಲಿ ನಡೆಯದು, ಕೈ ಬರಹ ಇರಲೇಬಾರದು. 1865ರಲ್ಲಿ ಗುಲಾಮಗಿರಿ ಹೋಯಿತು. ಕೋರ್ಟಿನ ಬಾಗಿಲು ಸ್ವಲ್ಪ ತೆರೆಯಿತು. ಆದರೆ ಚರಿತ್ರೆಯ ಬಾಗಿಲಲ್ಲಿ ಅದೇ ಹಳೆಯ ಜವಾನ ಕೂತಿದ್ದ.

ಯು.ಬಿ. ಫಿಲಿಪ್ಸ್ ಅಂತ ಒಬ್ಬ ಪಂಡಿತ. ಅಮೆರಿಕದ ಗುಲಾಮಗಿರಿ ಬಗ್ಗೆ 1918ರಲ್ಲಿ ದೊಡ್ಡ ಪುಸ್ತಕ ಬರೆದ. ದಶಕಗಳ ಕಾಲ ಅದೇ ಪ್ರಮಾಣಗ್ರಂಥ. ತೋಟದ ಒಡೆಯರ ಕಾಗದಪತ್ರ, ಡೈರಿ, ಜಮಾಖರ್ಚು ಎಲ್ಲ ಜಾಲಾಡಿದ. ಓಡಿಬಂದ ಗುಲಾಮರ ಆತ್ಮಕಥೆಗಳನ್ನು ಮಾತ್ರ ನಂಬಲು ಆಗದು ಅಂದ. ಯಾಕೆ? ಗುಲಾಮಗಿರಿ ವಿರೋಧಿಗಳು ಅವನ್ನು ತಿದ್ದಿ ಅಚ್ಚು ಹಾಕಿಸಿದ್ದಾರೆ, ಅವರಿಗೆ ಉದ್ದೇಶ ಇತ್ತು ಅಂತ. ಸರಿ ಸ್ವಾಮಿ, ಉದ್ದೇಶ ಇತ್ತು. ಮನುಷ್ಯರನ್ನು ಕೊಂಡು ಮಾರುವವನ ಡೈರಿಯಲ್ಲಿ ಉದ್ದೇಶ ಇರಲಿಲ್ಲವೇ? ಕಳ್ಳ ಬರೆದದ್ದು ದಾಖಲೆ, ಕಳಕೊಂಡವ ಬರೆದದ್ದು ಗೋಳು! ಡು ಬಾಯ್ಸ್ 1935ರಲ್ಲಿ ಬರೆದ ಪುಸ್ತಕದ ಕೊನೆಯ ಅಧ್ಯಾಯದಲ್ಲಿ ಇದನ್ನೇ ಹೇಳಿದರು. ಬಿಡುಗಡೆಯ ನಂತರದ ಕಾಲದ ಚರಿತ್ರೆ ಬರೆಯುವಾಗ ಮುಖ್ಯ ಸಾಕ್ಷಿಯಾದ ಗುಲಾಮನನ್ನೇ ಹೊರಗೆ ನಿಲ್ಲಿಸಿಬಿಟ್ಟಿದ್ದಾರೆ ಎಂದರು.

ಇಲ್ಲಿಯವರೆಗೆ ನಮಗೆ ಸಿಟ್ಟು ಬರುವುದು ಸುಲಭ. ಮುಂದಿನ ಮಾತು ಕಷ್ಟದ್ದು, ಗಮನವಿಟ್ಟು ಓದಿ.

1972ರಲ್ಲಿ ಜಾನ್ ಬ್ಲಾಸಿಂಗೇಮ್ ಎಂಬ ಕಪ್ಪು ಚರಿತ್ರೆಕಾರ ಗುಲಾಮರ ಸಮುದಾಯದ ಬಗ್ಗೆ ಪುಸ್ತಕ ಬರೆದರು. ಗುಲಾಮರ ಆತ್ಮಕಥೆಗಳನ್ನು ಒರೆಗೆ ಹಚ್ಚಿ, ಅವನ್ನೇ ಮುಖ್ಯ ಆಧಾರವಾಗಿ ನಿಲ್ಲಿಸಿದ ಧೀರ ಆತ. ನಾವೆಲ್ಲ ಅವರಿಗೆ ಋಣಿಗಳು. ಆದರೆ ಆ ದಶಕದಲ್ಲಿ ಅವರೂ ಹ್ಯಾರಿಯೆಟ್ ಜೇಕಬ್ಸ್ ಪುಸ್ತಕವನ್ನು ನಂಬಲಾಗದು ಅಂತ ಪಕ್ಕಕ್ಕಿಟ್ಟರು. ಕಥೆ ತೀರಾ ಅಚ್ಚುಕಟ್ಟು, ಆಕಸ್ಮಿಕಗಳು ಜಾಸ್ತಿ, ಪುಟಪುಟದಲ್ಲೂ ಒಡೆಯರ ಕಾಮ, ಹೆಣ್ಣಿನ ಮಾನದ ಮಾತು, ನಾಟಕದ ಹಾಗಿದೆ ಅನ್ನುವುದು ಅವರ ಆಕ್ಷೇಪ. ಪುಟಪುಟದಲ್ಲೂ ಅದೇ ಇದೆ, ನಿಜ. ಅವಳ ದಿನದಿನದಲ್ಲೂ ಅದೇ ಇದ್ದರೆ ಪುಟದಲ್ಲಿ ಇನ್ನೇನು ಬರಬೇಕು? ಬೆನ್ನ ಮೇಲಿನ ಬಾಸುಂಡೆಯನ್ನು ನಮ್ಮ ಗಂಡಸರೂ ಸಾಕ್ಷಿ ಅಂತ ಒಪ್ಪುತ್ತಾರೆ. ಹೆಂಗಸು ತನ್ನ ಕಿವಿಯಲ್ಲಿ ಬಿದ್ದ ಹೊಲಸು ಮಾತನ್ನು ಹೇಳಿದರೆ ಅದು ನಾಟಕ. ಹೊರಗಿನವರು ನಮ್ಮನ್ನು ನಂಬಲಿಲ್ಲ ಅಂತ ಅಳುವ ನಾವು, ನಮ್ಮ ಅಕ್ಕತಂಗಿಯರ ಮಾತನ್ನು ಎಷ್ಟು ನಂಬಿದ್ದೇವೆ? ಹಾಸ್ಟೆಲಿನ ಕೋಣೆಯಲ್ಲಿ ಕೂತು ಯೋಚನೆ ಮಾಡಿ.

ಬಾಗಿಲು ತೆರೆದದ್ದು ಹೇಗೆ? ಜೀನ್ ಫೇಗನ್ ಯೆಲಿನ್ ಎಂಬ ವಿದ್ವಾಂಸೆ ಏಮಿ ಪೋಸ್ಟ್ ಮನೆತನದ ಹಳೆಯ ಕಾಗದಗಳನ್ನು ಹುಡುಕಿದರು. ಅವು ರಾಚೆಸ್ಟರ್ ವಿಶ್ವವಿದ್ಯಾಲಯದಲ್ಲಿದ್ದವು. ಅದರಲ್ಲಿ ಹ್ಯಾರಿಯೆಟ್‌ಳ ಕೈಬರಹದ ಪತ್ರಗಳು ಸಿಕ್ಕವು. ಕಾಗುಣಿತ ತಪ್ಪಿದೆ, ಪೂರ್ಣವಿರಾಮ ಇಲ್ಲ, ಆದರೆ ಪುಸ್ತಕದಲ್ಲಿರುವ ಅದೇ ದನಿ. ಬರೆಯುವ ಕಷ್ಟ, ಹೇಳಲೋ ಬೇಡವೋ ಅನ್ನುವ ನಾಚಿಕೆ, ಸ್ಟೋವ್ ಮಾಡಿದ ನೋವು ಎಲ್ಲವೂ ಅದರಲ್ಲಿವೆ. ಯೆಲಿನ್ 1981ರಲ್ಲಿ ಲೇಖನ ಬರೆದರು, 1987ರಲ್ಲಿ ಒಂದೊಂದು ಹೆಸರಿಗೂ ಆಧಾರ ಕೊಟ್ಟು ಪುಸ್ತಕವನ್ನೇ ಮತ್ತೆ ಹೊರತಂದರು. ಡಾಕ್ಟರ್ ಫ್ಲಿಂಟ್ ಅಂದರೆ ನಾರ್ಕಮ್. ಮಕ್ಕಳ ತಂದೆ ಅಂದರೆ ಸ್ಯಾಮ್ಯುಯಲ್ ಟ್ರೆಡ್‌ವೆಲ್ ಸಾಯರ್, 1837ರಲ್ಲಿ ಅಮೆರಿಕದ ಕಾಂಗ್ರೆಸ್ಸಿಗೆ ಆರಿಸಿ ಹೋದವನು. ಅವಳು ಅಟ್ಟದಲ್ಲಿ ಮುದುಡಿ ಮಲಗಿದ್ದಾಗ ಅವನು ವಾಷಿಂಗ್ಟನ್‌ನಲ್ಲಿ ಶಾಸನ ಮಾಡುತ್ತಿದ್ದ. ಹ್ಯಾರಿಯೆಟ್ ಅಟ್ಟದಲ್ಲಿದ್ದದ್ದು ಏಳು ವರ್ಷ. ಅವಳ ಪುಸ್ತಕ ಅನುಮಾನದ ಅಟ್ಟದಲ್ಲಿದ್ದದ್ದು ನೂರಿಪ್ಪತ್ತು ವರ್ಷ.

ಈಗ ಆ ಮೇಷ್ಟರು ಕೇಳಿದ 'ದಾಖಲೆ'ಗೆ ಬರೋಣ. ಒಡೆಯರ ದಾಖಲೆ ಎರಡನ್ನು ತೆಗೆದು ನೋಡಿ.

ಒಂದು, ಯಜಮಾನಿಯ ಉಯಿಲಿಗೆ ಸೇರಿಸಿದ ಚೀಟಿ, 1825ರದು. ಹ್ಯಾರಿಯೆಟ್ ಎಂಬ ಹುಡುಗಿಯನ್ನು ಸೋದರಿಯ ಮಗಳಿಗೆ ಕೊಟ್ಟಿದ್ದೇನೆ ಅಂತ ಇದೆ. ಅದೇ ಉಸಿರಿನಲ್ಲಿ ಮುಂದೆ ಏನಿದೆ? ಒಂದು ಬೀರು, ಒಂದು ಕೆಲಸದ ಮೇಜು, ಅದರೊಳಗಿನ ಸಾಮಾನು. ಆ ಚೀಟಿಯ ಮೇಲೆ ಯಜಮಾನಿಯ ಸಹಿಯೂ ಇಲ್ಲ! ಸಹಿ ಇಲ್ಲದ ಒಂದು ತುಂಡು ಕಾಗದ ಒಬ್ಬ ಹುಡುಗಿಯನ್ನು ನಾರ್ಕಮ್ ಮನೆಗೆ ತಳ್ಳಿತು. ಅವಳು ಬರೆದ ಮುನ್ನೂರು ಪುಟಕ್ಕೆ ಮೂವರ ಸಹಿ ಇದ್ದರೂ ಸಾಲಲಿಲ್ಲ.

ಎರಡು, ನಾರ್ಕಮ್ ಪತ್ರಿಕೆಗೆ ಕೊಟ್ಟ ಜಾಹೀರಾತು. ತಾರೀಖು 1835ರ ಜೂನ್ 30, ನಾರ್ಫಕ್‌ನ ಪತ್ರಿಕೆಯಲ್ಲಿ ಬಂದದ್ದು. ಹ್ಯಾರಿಯೆಟ್ ಓಡಿಹೋಗಿದ್ದಾಳೆ, 21 ವಯಸ್ಸು, ಐದು ಅಡಿ ನಾಲ್ಕು ಅಂಗುಲ ಎತ್ತರ, ಗುಂಗುರು ಕೂದಲು, ಮಾತಿನಲ್ಲಿ ಚುರುಕು, ಹೊಲಿಗೆಯಲ್ಲಿ ಗಟ್ಟಿ, ಹಿಡಿದು ಕೊಟ್ಟವರಿಗೆ 100 ಡಾಲರ್. ಇದಿಷ್ಟೂ ಅವಳ ಪುಸ್ತಕದ ಮಾತಿಗೆ ಒಡೆಯನೇ ಹಾಕಿದ ರುಜು. ಆಮೇಲೆ ಒಂದು ಮಾತು ಸೇರಿಸಿದ್ದಾನೆ: ಈ ಹುಡುಗಿ ಯಾವ ಕಾರಣವೂ ಇಲ್ಲದೆ, ಯಾರೂ ಕೆಣಕದೆ ಓಡಿಹೋಗಿದ್ದಾಳೆ, ಅಂತ!

ಓದಿದಿರಾ? ಕಾರಣ ಇಲ್ಲವಂತೆ. ಇದು ಅಚ್ಚಾದ ದಾಖಲೆ. ತಾರೀಖು ಇದೆ, ಊರು ಇದೆ, ದೊಡ್ಡ ಮನುಷ್ಯನ ಹೆಸರಿದೆ. ಅವಳ ಪುಸ್ತಕ ಉಳಿಯದೇ ಹೋಗಿದ್ದರೆ ಚರಿತ್ರೆಕಾರನ ಕೈಗೆ ಸಿಗುತ್ತಿದ್ದದ್ದು ಇದೊಂದೇ: ಕಾರಣವಿಲ್ಲದೆ ಓಡಿಹೋದ ಹುಡುಗಿ. ಅವಳ ಎತ್ತರ ಎಷ್ಟು ಅಂತ ಒಡೆಯನ ಕಾಗದ ಹೇಳುತ್ತದೆ. ಅವಳು ಯಾಕೆ ಓಡಿದಳು ಅಂತ ಅವಳ ಕಾಗದ ಮಾತ್ರ ಹೇಳುತ್ತದೆ. ಎರಡನ್ನೂ ಪಕ್ಕಪಕ್ಕ ಇಟ್ಟಾಗ ಚರಿತ್ರೆ ಶುರುವಾಗುತ್ತದೆ.

ಇನ್ನೊಂದು ಸಾಕ್ಷಿಯೂ ಇದೆ. ಅವಳ ತಮ್ಮ ಜಾನ್ ಜೇಕಬ್ಸ್ ಕೂಡ ಗುಲಾಮಗಿರಿಯಿಂದ ತಪ್ಪಿಸಿಕೊಂಡವನು. ಆಸ್ಟ್ರೇಲಿಯಾ ತಲುಪಿ, 1855ರಲ್ಲಿ ಸಿಡ್ನಿಯ ಪತ್ರಿಕೆಯೊಂದರಲ್ಲಿ ತನ್ನ ಕಥೆ ಬರೆದ. ಗುಲಾಮರನ್ನಿಟ್ಟುಕೊಂಡ ಆರು ಲಕ್ಷ ಮಂದಿ ಅಮೆರಿಕವನ್ನು ಆಳುವ ದಬ್ಬಾಳಿಕೆಗಾರರು ಅಂತ ತಲೆಬರಹದಲ್ಲೇ ಉಗಿದ. ಅದನ್ನೇ ಕತ್ತರಿಸಿ, ಮೆತ್ತಗೆ ಮಾಡಿ ಲಂಡನ್ನಿನಲ್ಲಿ 1861ರಲ್ಲಿ ಅಚ್ಚು ಹಾಕಿದರು. ಪೂರ್ತಿ ಬರಹ ಹಳೆಯ ಪತ್ರಿಕೆಯಲ್ಲಿ ಮರೆತೇ ಹೋಗಿತ್ತು. ಅದು ಮತ್ತೆ ಪುಸ್ತಕವಾಗಿ ಬಂದದ್ದು 2024ರಲ್ಲಿ. ಅಕ್ಕ ಒಂದು ಕಡೆ, ತಮ್ಮ ಸಾವಿರಾರು ಮೈಲಿ ಆಚೆ. ಇಬ್ಬರೂ ಅದೇ ಮನೆ, ಅದೇ ಡಾಕ್ಟರ್, ಅದೇ ಅಜ್ಜಿಯ ಮಾತು ಹೇಳುತ್ತಾರೆ. ಕತ್ತರಿಸದ ಬರಹವನ್ನೂ ಕತ್ತರಿಸಿದ ಬರಹವನ್ನೂ ಜೊತೆಗಿಟ್ಟು ನೋಡಿದರೆ ಸಂಪಾದಕರ ಕತ್ತರಿ ಎಲ್ಲೆಲ್ಲಿ ಆಡುತ್ತದೆ ಅನ್ನುವುದೂ ಗೊತ್ತಾಗುತ್ತದೆ.

ಹಾಗಂತ ಗುಲಾಮ ಬರೆದದ್ದೆಲ್ಲ ಅಕ್ಷರಕ್ಷರ ಸತ್ಯ ಅಂತ ನಾವು ಹೇಳುತ್ತಿಲ್ಲ. ಭಕ್ತಿ ಬೇರೆ, ಚರಿತ್ರೆ ಬೇರೆ. ಬಾಬಾಸಾಹೇಬರು ನಮಗೆ ಕಲಿಸಿದ್ದು ಎರಡನೆಯದನ್ನು. ಹಾಗಾಗಿ ಓದುವಾಗ ಕೆಲವು ಪ್ರಶ್ನೆ ಕೈಯಲ್ಲಿಟ್ಟುಕೊಳ್ಳಿ.

ಮೊದಲನೆಯದು, ಯಾರು ಹೇಳಿದರು, ಯಾರು ಬರೆದುಕೊಂಡರು, ಯಾರು ತಿದ್ದಿದರು? ಚೈಲ್ಡ್ ಅಧ್ಯಾಯಗಳನ್ನು ಹಿಂದುಮುಂದು ಜೋಡಿಸಿದರು. 1831ರ ನ್ಯಾಟ್ ಟರ್ನರ್ ಬಂಡಾಯದ ನಂತರ ಕಪ್ಪು ಜನರ ಮೇಲೆ ನಡೆದ ಹಿಂಸೆಯನ್ನು ಇನ್ನಷ್ಟು ಬರೆಯಿರಿ ಅಂದರು. ಕೊನೆಯಲ್ಲಿದ್ದ ಜಾನ್ ಬ್ರೌನ್ ಅಧ್ಯಾಯ ಬೇಡ ಅಂದರು. ಹಾಗಾಗಿ ಪುಸ್ತಕದ ಜೋಡಣೆಯಲ್ಲಿ ಚೈಲ್ಡ್ ಅವರ ಕೈ ಇದೆ. ಬಾಳು ಮತ್ತು ಮಾತು ಹ್ಯಾರಿಯೆಟ್‌ಳದು. ಈ ಎರಡನ್ನೂ ಬಿಡಿಸಿ ನೋಡಬೇಕು.

ಎರಡನೆಯದು, ಯಾರ ಎದುರು ಹೇಳಿದ್ದು? 1936ರಿಂದ 1938ರವರೆಗೆ ಅಮೆರಿಕ ಸರ್ಕಾರ ಮಾಜಿ ಗುಲಾಮರನ್ನು ಹುಡುಕಿ ಎರಡು ಸಾವಿರಕ್ಕೂ ಹೆಚ್ಚು ಸಂದರ್ಶನ ಮಾಡಿಸಿತು. ಕೇಳಲು ಹೋದವರಲ್ಲಿ ಹೆಚ್ಚಿನವರು ಬಿಳಿಯರು. ಚಾರ್ಲ್ಸ್‌ಟನ್ನಿನ ಒಬ್ಬ ಮುದುಕಿ ಬಿಳಿಯ ಹೆಂಗಸು ಬಂದಾಗ ನಮ್ಮ ಒಡೆಯ ಒಳ್ಳೆಯವನು ಅಂದಳು. ಬಂದವಳು ಸರ್ಕಾರದ ಸಹಾಯಧನದ ಕಡೆಯವಳು ಅಂತ ತಿಳಿದಿದ್ದಳು. ಅದೇ ಮುದುಕಿಯ ಹತ್ತಿರ ಕಪ್ಪು ಮನುಷ್ಯ ಹೋಗಿ ಕೂತಾಗ ಚಾಟಿ, ರಕ್ತ, ಹರಾಜಿನ ಕಥೆ ಹೊರಗೆ ಬಂತು. ಸುಳ್ಳು ಹೇಳಿದಳೇ? ಗೆಳೆಯರೇ, ಹಾಸ್ಟೆಲಿಗೆ ಅಧಿಕಾರಿ ತಪಾಸಣೆಗೆ ಬರುತ್ತಾರೆ. ವಾರ್ಡನ್ ಪಕ್ಕದಲ್ಲೇ ನಿಂತಿರುತ್ತಾರೆ. "ಊಟ ಹೇಗಿದೆಯಪ್ಪಾ?" ಅಂತಾರೆ. ನೀವು ಏನು ಹೇಳುತ್ತೀರಿ? ಆ ಉತ್ತರವನ್ನು ನಾಳೆ ಯಾರಾದರೂ ಚರಿತ್ರೆ ಅಂತ ಬರೆದರೆ ಹೇಗಿರುತ್ತದೆ?

ಮೂರನೆಯದು, ಕಣ್ಣಾರೆ ಕಂಡದ್ದು ಯಾವುದು, ಕೇಳಿದ್ದು ಯಾವುದು, ನೆನಪಿನಲ್ಲಿ ಮಸುಕಾದದ್ದು ಯಾವುದು? ಹ್ಯಾರಿಯೆಟ್‌ಳ ಪುಸ್ತಕದಲ್ಲಿ ಜಾಹೀರಾತಿನ ಬಹುಮಾನ 300 ಡಾಲರ್ ಅಂತಿದೆ, ನಾರ್ಕಮ್‌ನ ಜಾಹೀರಾತಿನಲ್ಲಿ 100. ಈ ಅಂಕಿಗೆ ಅವಳ ಪುಸ್ತಕವನ್ನು ನಂಬಬೇಡಿ. ಅಷ್ಟಕ್ಕೇ ಅವಳು ಓಡಿದ್ದೇ ಸುಳ್ಳು ಅಂತಲೂ ಹೇಳಬೇಡಿ. ಫ್ರೆಡರಿಕ್ ಡಗ್ಲಸ್ ಕೂಡ ಗುಲಾಮನಾಗಿ ಹುಟ್ಟಿದವರು. ತಾವು ಹುಟ್ಟಿದ ವರ್ಷ 1817 ಅಂತ ಮುಂದೆ ನಂಬಿದ್ದರು. ಡಿಕ್ಸನ್ ಪ್ರೆಸ್ಟನ್ 1980ರಲ್ಲಿ ತಮ್ಮ ಪುಸ್ತಕದಲ್ಲಿ ಹಳೆಯ ಒಡೆಯನ ಲೆಕ್ಕದ ಪುಸ್ತಕ ತೋರಿಸಿದರು, ಅದರಲ್ಲಿದ್ದದ್ದು 1818ರ ಫೆಬ್ರವರಿ. ಡಗ್ಲಸ್ ತಪ್ಪಿದ್ದು ಒಂದು ವರ್ಷ. ಆದರೆ ಮನುಷ್ಯನ ಹುಟ್ಟಿದ ದಿನ ಅವನಿಗೇ ಗೊತ್ತಿಲ್ಲದೆ, ದನಕರುವಿನ ಹಾಗೆ ಒಡೆಯನ ಪುಸ್ತಕದಲ್ಲಿ ಇತ್ತಲ್ಲ, ಆ ಒಂದು ವರ್ಷದ ತಪ್ಪೇ ಗುಲಾಮಗಿರಿಗೆ ಸಾಕ್ಷಿ. ಸ್ಕೂಲಿಗೆ ಸೇರುವಾಗ ಮೇಷ್ಟರು ಜೂನ್ 1 ಅಂತ ಬರೆದುಕೊಟ್ಟ ಹುಟ್ಟುಹಬ್ಬ ನಮ್ಮಲ್ಲಿ ಎಷ್ಟು ಜನರಿಗಿಲ್ಲ!

ನಾಲ್ಕನೆಯದು, ಏನನ್ನು ಹೇಳಿಲ್ಲ? ಊರ ಹೆಸರು ಬಿಟ್ಟದ್ದು ಸುಳ್ಳಲ್ಲ, ಆಶ್ರಯ ಕೊಟ್ಟವರ ಮೇಲಿನ ನಿಯತ್ತು. ಓದುವವರು ಉತ್ತರದ ಮರ್ಯಾದಸ್ಥ ಬಿಳಿಯ ಹೆಂಗಸರು, ಹಾಗಾಗಿ ಕೆಲವು ಮಾತನ್ನು ಅವಳು ಸೆರಗು ಹೊದಿಸಿ ಹೇಳಿದ್ದಾಳೆ. ಆ ಸೆರಗನ್ನೂ ಓದಲು ಕಲಿಯಬೇಕು.

ಐದನೆಯದು, ನಮಗೆ ಬೇಡವಾದ ಸಾಕ್ಷಿ ಸಿಕ್ಕರೆ ಏನು ಮಾಡುತ್ತೇವೆ? ಎರಡು ಉದಾಹರಣೆ. 1838ರಲ್ಲಿ ಗುಲಾಮಗಿರಿ ವಿರೋಧಿ ಸಂಘದವರು ಜೇಮ್ಸ್ ವಿಲಿಯಮ್ಸ್ ಎಂಬುವನ ಕಥೆ ಅಚ್ಚು ಹಾಕಿದರು. ಅವನು ಹೇಳಿದ ಹೆಸರು, ಜಾಗ ತಾಳೆಯಾಗುವುದಿಲ್ಲ ಅಂತ ದಕ್ಷಿಣದ ಪತ್ರಿಕೆಯವನು ತೋರಿಸಿದ. ಸಂಘದವರು ಅದೇ ವರ್ಷ ಮಾರಾಟ ನಿಲ್ಲಿಸಿದರು. ಅವನು ನಿಜವಾಗಿ ಯಾರು, ಯಾವ್ಯಾವ ಹೆಸರು ಬದಲಿಸಿದ್ದ ಅನ್ನುವುದನ್ನು ಹ್ಯಾಂಕ್ ಟ್ರೆಂಟ್ ಹುಡುಕಿ ಹೊರತಂದದ್ದು 2013ರಲ್ಲಿ. ಅವನು ಗುಲಾಮನಾಗಿದ್ದದ್ದು ನಿಜ, ಹೇಳಿದ ವಿವರಗಳನ್ನು ಅದಲುಬದಲು ಮಾಡಿದ್ದ. ಇನ್ನೊಬ್ಬರು ಒಲಾಡಾ ಈಕ್ವಿಯಾನೊ. 1789ರ ತಮ್ಮ ಆತ್ಮಕಥೆಯಲ್ಲಿ ಆಫ್ರಿಕಾದಲ್ಲಿ ಹುಟ್ಟಿದೆ ಅಂದರು. ವಿನ್ಸೆಂಟ್ ಕರೆಟಾ ಹುಡುಕಿದ 1759ರ ದೀಕ್ಷಾಸ್ನಾನದ ದಾಖಲೆಯಲ್ಲೂ, 1773ರ ಹಡಗಿನ ಪಟ್ಟಿಯಲ್ಲೂ ಹುಟ್ಟಿದ್ದು ಕೆರೊಲಿನಾದಲ್ಲಿ ಅಂತಿದೆ. ಆ ದಾಖಲೆಯನ್ನು ಯಾರು, ಯಾಕೆ ಹಾಗೆ ಬರೆಸಿದರು ಅಂತ ವಿದ್ವಾಂಸರ ವಾದ ನಿಂತಿಲ್ಲ. ಇವನ್ನು ನಾವು ಬಚ್ಚಿಡಬಾರದು. ನಾವು ಬಚ್ಚಿಟ್ಟದ್ದನ್ನು ನಾಳೆ ಎದುರಾಳಿ ತೆಗೆದು ತೋರಿಸುತ್ತಾನೆ. ಆಗ ಒಬ್ಬನ ತಪ್ಪಿಗೆ ನೂರು ಜನರ ಸತ್ಯ ಬಲಿಯಾಗುತ್ತದೆ. ವಿಲಿಯಮ್ಸ್ ಪ್ರಕರಣ ಆಗಿ ಏಳು ವರ್ಷಕ್ಕೆ, 1845ರಲ್ಲಿ, ಡಗ್ಲಸ್ ಒಡೆಯರ ಹೆಸರು, ಊರು ಎಲ್ಲ ನೇರ ಬರೆದು ಅಚ್ಚು ಹಾಕಿಸಿದರು. ಅದು ಸುಳ್ಳು ಅಂತ ಎ.ಸಿ.ಸಿ. ಥಾಂಪ್ಸನ್ ಎಂಬ ಬಿಳಿಯ ಪತ್ರಿಕೆಗೆ ಬರೆದ. ಬರೆಯುವ ಭರದಲ್ಲಿ ಈ ಹುಡುಗನನ್ನು ನಾನು ಬಲ್ಲೆ, ಅವನು ಹೇಳುವ ಒಡೆಯರನ್ನೂ ಬಲ್ಲೆ ಅಂತ ತಾನೇ ಒಪ್ಪಿಕೊಂಡ. ಡಗ್ಲಸ್ ಅವನಿಗೆ ಬಹಿರಂಗವಾಗಿ ವಂದನೆ ಹೇಳಿದರು, ನಾನು ಗುಲಾಮನೇ ಆಗಿರಲಿಲ್ಲ ಅನ್ನುವವರ ಬಾಯಿ ಮುಚ್ಚಿಸಿದ್ದಕ್ಕೆ!

ಅಮೆರಿಕದ ಮಾತು ನಮಗೆ ಯಾಕೆ ಅಂತ ಕೇಳುವವರೂ ಇದ್ದಾರೆ. ಜೋತಿಬಾ ಫುಲೆ 1873ರಲ್ಲಿ 'ಗುಲಾಮಗಿರಿ' ಬರೆದಾಗ ಅದನ್ನು ಅರ್ಪಿಸಿದ್ದು ಕಪ್ಪು ಜನರ ಬಿಡುಗಡೆಗೆ ದುಡಿದ ಅಮೆರಿಕದ ಒಳ್ಳೆಯ ಜನರಿಗೆ. ಬಾಬಾಸಾಹೇಬರು 1946ರಲ್ಲಿ ಡು ಬಾಯ್ಸ್ ಅವರಿಗೆ ಪತ್ರ ಬರೆದು, ಅಲ್ಲಿಯ ಕಪ್ಪು ಜನರ ಸ್ಥಿತಿಗೂ ಇಲ್ಲಿಯ ಅಸ್ಪೃಶ್ಯರ ಸ್ಥಿತಿಗೂ ಇರುವ ಹೋಲಿಕೆ ಎತ್ತಿ ಹೇಳಿದರು, ವಿಶ್ವಸಂಸ್ಥೆಗೆ ಅವರು ಕೊಡುತ್ತಿದ್ದ ಮನವಿಯ ಪ್ರತಿ ಕೇಳಿದರು. ಹಾಗಾಗಿ ಅವರ ಪುಸ್ತಕ ನಮ್ಮ ಕೈಯಲ್ಲಿರುವುದು ಹೊಸದೇನಲ್ಲ. ಅಸ್ಪೃಶ್ಯತೆ ಬೇರೆ, ಗುಲಾಮಗಿರಿ ಬೇರೆ, ಎರಡನ್ನೂ ಒಂದೇ ಮೂಟೆಗೆ ಕಟ್ಟುವುದು ಬೇಡ. ಆದರೆ ಸಾಕ್ಷಿಯ ಪ್ರಶ್ನೆ ಎರಡೂ ಕಡೆ ಒಂದೇ. ಊರಿನ ಕಾಗದವನ್ನು ಯಾರು ಬರೆದರು, ಕೇರಿಯ ಮಾತನ್ನು ಯಾರು ಬರೆದುಕೊಂಡರು?

ಕೊನೆಗೆ ಆ ಹುಡುಗನಿಗೆ: ತಮ್ಮಾ, ಪ್ರಬಂಧವನ್ನು ಹರಿಯಬೇಡ. ಮತ್ತೆ ಬರೆ. ಹ್ಯಾರಿಯೆಟ್‌ಳ ಮಾತು ಒಂದು ಕಡೆ, ನಾರ್ಕಮ್‌ನ ಜಾಹೀರಾತು ಒಂದು ಕಡೆ, ಉಯಿಲು, ತಮ್ಮನ ಬರಹ, ಕೈಬರಹದ ಪತ್ರಗಳು, ಎಲ್ಲ ಪಕ್ಕಪಕ್ಕ ಇಡು. ಎಲ್ಲಿ ಹೊಂದುತ್ತದೆ, ಎಲ್ಲಿ ಹೊಂದುವುದಿಲ್ಲ, ಯಾಕೆ ಅಂತ ಬರೆ. ಹೊಂದದ ಜಾಗವನ್ನು ಮುಚ್ಚಬೇಡ. ಆಮೇಲೆ ಮೇಷ್ಟರ ಮುಂದೆ ನಿಂತು ಸಮಾಧಾನವಾಗಿ ಕೇಳು: "ಸಾರ್, ನಾನು ದಾಖಲೆ ತಂದಿದ್ದೇನೆ. ಒಡೆಯನ ಕಾಗದಕ್ಕೂ ಇದೇ ಪರೀಕ್ಷೆ ಮಾಡೋಣ್ವಾ?"

ಉಳಿದ ಗೆಳೆಯರಿಗೆ: ರಜಕ್ಕೆ ಊರಿಗೆ ಹೋಗುತ್ತೀರಿ. ಅಜ್ಜಿ ಇನ್ನೂ ಬದುಕಿದ್ದರೆ ಹತ್ತಿರ ಕೂತು ಕೇಳಿ. ಅವಳು ಹೇಳಿದ್ದನ್ನು ಅವಳ ಮಾತಿನಲ್ಲೇ ಬರೆದುಕೊಳ್ಳಿ. ತಾರೀಖು ಹಾಕಿ, ಊರು ಹಾಕಿ, ಕೇಳಿದವರು ಯಾರು, ಪಕ್ಕದಲ್ಲಿ ಯಾರಿದ್ದರು ಬರೆಯಿರಿ. ರುಚಿಗೆ ಅಂತ ಏನೂ ಸೇರಿಸಬೇಡಿ, ನಾಚಿಕೆಗೆ ಅಂತ ಏನೂ ತೆಗೆಯಬೇಡಿ. ಬೇಡ ಅಂದದ್ದನ್ನು ಅವಳನ್ನು ಕೇಳದೆ ಅಚ್ಚು ಹಾಕಬೇಡಿ. ಹೆಣ್ಣುಮಕ್ಕಳ ಹಾಸ್ಟೆಲಿನ ಗೆಳತಿಯರು ಈ ಕೆಲಸಕ್ಕೆ ಮುಂದೆ ಬರಬೇಕು. ಕೆಲವು ಮಾತನ್ನು ಅಜ್ಜಿ ನಿಮಗೆ ಮಾತ್ರ ಹೇಳುತ್ತಾಳೆ.

ಹ್ಯಾರಿಯೆಟ್ ಜೇಕಬ್ಸ್ ಯುದ್ಧಕಾಲದಲ್ಲಿ ನಿರಾಶ್ರಿತ ಕಪ್ಪು ಜನರ ನಡುವೆ ದುಡಿದಳು, ಅವರ ಮಕ್ಕಳಿಗೆ ಶಾಲೆ ತೆರೆದಳು, 1897ರಲ್ಲಿ ತೀರಿಕೊಂಡಳು. ತನ್ನ ಪುಸ್ತಕ ನಿಜ ಅಂತ ಪಂಡಿತರು ಒಪ್ಪಿದ್ದನ್ನು ಅವಳು ನೋಡಲಿಲ್ಲ. ಪುಸ್ತಕದ ಮೊದಲ ಪುಟದಲ್ಲೇ ಅವಳು ಅಚ್ಚು ಹಾಕಿಸಿದ್ದಳು, ಇದನ್ನು ಬರೆದವಳು ತಾನೇ ಅಂತ. ಅದನ್ನು ಓದಿ ನಂಬುವುದಕ್ಕೆ ನೂರಿಪ್ಪತ್ತು ವರ್ಷ ಹಿಡಿಯಿತು. ನಮ್ಮ ಅಜ್ಜಿಯರಿಗೆ ಅಷ್ಟು ಪುರುಸೊತ್ತಿಲ್ಲ.